ಜೂನ್ ತಿಂಗಳ ಕ್ರಿಸ್ಪುಲೊ

ನಮ್ಮೂರಿನಲ್ಲಿ ಎಲ್ಲರ ಮನೆತನದ ಹೆಸರೂ 'ಗ'ದಿಂದಲೇ ಶುರುವಾಗುತ್ತದೆ. ಸ್ಪೇನಿನವರ ಕಾಲದಲ್ಲಿ ಮನಿಲಾದಿಂದ ಹೆಸರುಗಳ ದೊಡ್ಡ ಪಟ್ಟಿ ಬಂದಾಗ ನಮ್ಮ ಪಾಲಿಗೆ ಆ ಹಾಳೆ ಸಿಕ್ಕಿತು. ಪಕ್ಕದೂರಿಗೆ 'ಟ' ಸಿಕ್ಕಿತು. ಹೊರಗಿನವರು ನಮ್ಮನ್ನು ಕಂಡರೆ ಇವರೆಲ್ಲ ಒಂದೇ ಬಳ್ಳಿಯ ಕಾಯಿಗಳು ಎಂದುಕೊಳ್ಳುತ್ತಾರೆ. ಯಾರು ನೆಂಟರು, ಯಾರು ಅಲ್ಲ ಎಂದು ಹೇಳುವುದು ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ನಾನು ಪ್ರಿಸ್ಕಾ, ಇಗರ್ಜಿಯ ಕಚೇರಿಯ ಗುಮಾಸ್ತೆ. ಜ್ಞಾನಸ್ನಾನ, ಮದುವೆ, ಮರಣ ಮೂರರ ಪುಸ್ತಕಗಳೂ ನನ್ನ ಕಪಾಟಿನಲ್ಲಿದ್ದವು. ಬೀಗದಕೈ ನನ್ನ ಸೊಂಟದಲ್ಲಿತ್ತು.

ಪುಸ್ತಕಗಳೆಂದರೆ ಪೂಜ್ಯ ವಸ್ತುಗಳೆಂದು ಜನ ತಿಳಿದಿದ್ದಾರೆ. ನನಗೆ ಹಾಗೇನೂ ಅನಿಸಿಲ್ಲ. ಅವುಗಳನ್ನು ಬರೆದವರು ಸೆಕೆಯಲ್ಲಿ ಬೆವರುತ್ತಿದ್ದ ಪಾದ್ರಿಗಳು. ಒಬ್ಬನಿಗೆ ಕಿವಿ ಮಂದ, ಇನ್ನೊಬ್ಬನಿಗೆ ನಮ್ಮ ಭಾಷೆ ಬಾರದು, ಮತ್ತೊಬ್ಬನಿಗೆ ಊಟದ ಹೊತ್ತಾಗಿತ್ತು. ಗರಿಲಾವ್ ಎಂಬ ಒಂದೇ ಹೆಸರನ್ನು ಗುವಾರಿಲಾವ್, ಕರಿಲಾವ್, ಗರಿರಾವೊ, ಗಾರಿಲೊ ಎಂದು ಏಳು ಬಗೆಯಲ್ಲಿ ಬರೆದಿದ್ದನ್ನು ನಾನು ಎಣಿಸಿದ್ದೇನೆ. ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆದರೆ ಊರಲ್ಲಿ ಉಳಿದುಕೊಂಡ ಎರಡು ಬಗೆಯ ಗರಿಲಾವ್‌ಗಳ ನಡುವೆ ಮಾತ್ರ ಅರವತ್ತು ವರ್ಷದಿಂದ ಗೋಡೆ ಎದ್ದಿತ್ತು.

ಇಗರ್ಜಿಯ ಎದುರಿನ ಮಹಡಿ ಮನೆಯವರು ಗರಿಲ್ಯಾವೊ. ನಿವೃತ್ತ ಶಾಲಾ ಮಾಸ್ತರ ವೆನಾನ್ಸಿಯೊ ಗರಿಲ್ಯಾವೊ ಆ ಮನೆಯ ಯಜಮಾನ; ನನಗೂ ಅಕ್ಷರ ಕಲಿಸಿದವರು, ಊರಿಗೆಲ್ಲ ಮಾಯೆಸ್ತ್ರೊ. ಅವರ ಅಪ್ಪ ಕ್ರಿಸ್ಪುಲೊ ಸ್ಪೇನಿನವರ ಕಾಲದಲ್ಲಿ ಊರಿನ ಕರಣಿಕನಾಗಿದ್ದವನು. ತನ್ನ ಸೊಗಸಾದ ಬರವಣಿಗೆಯಲ್ಲಿ ಹೆಸರಿಗೆ ಒಂದೆರಡು ಅಕ್ಷರ ಹೆಚ್ಚಿಗೆ ಹಾಕಿಕೊಂಡವನೂ ಅವನೇ. ಕಡಲ ದಂಡೆಯಲ್ಲಿ ಬಲೆ ಒಣಗಿಸುವವರು ಬರೀ ಗರಿಲಾವ್. ಅವರ ಮನೆಯ ಹಿರಿಯಳು ಎಂಬತ್ತಾರರ ಲೋಲಾ ಪಾಸ್ತೋರಾ. ಲೋಲಾ ಎಂದರೆ ನಮ್ಮಲ್ಲಿ ಅಜ್ಜಿ. ಸಿಗಡಿಯನ್ನು ಉಪ್ಪಿನಲ್ಲಿ ಹುದುಗಿಸಿ ಕುಟ್ಟಿ ಮಾಡುವ ಗಿನಾಮೋಸ್ ಮಾರಿಯೇ ಅವಳು ಸಂಸಾರ ಸಾಕಿದ್ದಳು. "ದಂಡೆಯವರು ನಿಮಗೇನಾಗಬೇಕು?" ಎಂದು ಯಾರಾದರೂ ಕೇಳಿದರೆ ಮಾಸ್ತರರು ಮೂಗು ಮುರಿದು, "ಏನೂ ಇಲ್ಲ. ಹೆಸರು ಹತ್ತಿರ ಇದೆ, ಅಷ್ಟೇ" ಎನ್ನುತ್ತಿದ್ದರು.

ಅಂಥವರ ಒಬ್ಬಳೇ ಮಗಳು ಫ್ಲೋರ್, ಸರ್ಕಾರಿ ಆಸ್ಪತ್ರೆಯ ಸೂಲಗಿತ್ತಿ, ಲೋಲಾ ಪಾಸ್ತೋರಾಳ ಮೊಮ್ಮಗ ಪಿಡ್ಯೋನನ್ನು ಮದುವೆಯಾಗುತ್ತೇನೆಂದಳು. ಪಿಡ್ಯೋ ಇಲೊಯ್ಲೊ ಪಟ್ಟಣಕ್ಕೆ ಹೋಗುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುವವನು. ಕೈಗೆ ಸದಾ ಎಣ್ಣೆಮಸಿ, ಬಾಯಿ ತುಂಬ ನಗು. ಮಾಸ್ತರರು ಹುಡುಗನ ಓದು ಸಾಲದೆಂದರು, ಮನೆಯೆಲ್ಲ ಮೀನು ವಾಸನೆ ಎಂದರು. ಮಗಳು ಜಗ್ಗಲಿಲ್ಲ. ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಓದುವ ಘೋಷಣೆ ಒಮ್ಮೆ ಓದಿದ್ದಾಯಿತು. ಎರಡನೆಯ ಭಾನುವಾರ ಪಾದ್ರಿ ಯುಸೆಬಿಯೊ ಹೆಸರು ಓದಿ, "ಅಡ್ಡಿ ಗೊತ್ತಿದ್ದವರು ತಿಳಿಸಬೇಕು" ಎಂದು ಎಂದಿನ ಮಾತು ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನಿಂದ ಮಾಸ್ತರರು ಎದ್ದು ನಿಂತರು.

"ಅಡ್ಡಿ ಇದೆ. ನನ್ನಪ್ಪ ಕ್ರಿಸ್ಪುಲೊ, ಈ ಹುಡುಗನ ಅಜ್ಜ ಹಿಲಾರಿಯೊ ಒಂದೇ ತಾಯಿ ಮಕ್ಕಳು. ಇವರಿಬ್ಬರದ್ದೂ ಒಂದೇ ರಕ್ತ."

ಇಗರ್ಜಿ ಇಗರ್ಜಿಯೇ ಬಾಯಿ ತೆರೆದುಕೊಂಡು ಕೂತಿತು. ಅವರು ಹೇಳಿದ್ದು ನಿಜವಾದರೆ ಫ್ಲೋರ್‌ಗೂ ಪಿಡ್ಯೋಗೂ ಮುತ್ತಜ್ಜ ಮುತ್ತಜ್ಜಿ ಒಬ್ಬರೇ, ಆಗಿನ ಧರ್ಮಸಭೆಯ ನಿಯಮದಂತೆ ಮದುವೆ ನಡೆಯುವಂತಿಲ್ಲ. ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಬರೀ ಅದೇ ಮಾತು. "ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ಅದೇ ಇದು," ಎಂದಳು ಮೇಣದಬತ್ತಿ ಮಾರುವವಳು. "ಜೀವಮಾನವೆಲ್ಲ ನೆಂಟ್ರಲ್ಲ ಅಂದೋರಿಗೆ ಇವತ್ತು ನೆಂಟಸ್ತನ ಉಕ್ಕಿ ಬಂತು." ನಾನೂ ಹಾಗೆಯೇ ಅಂದುಕೊಂಡೆ. ಲೋಲಾ ಪಾಸ್ತೋರಾ ಹಿಂದಿನ ಬೆಂಚಿನಿಂದ ಎದ್ದು, ಮುಸುಕು ಸರಿಮಾಡಿಕೊಂಡು, ಯಾರಿಗೂ ಏನೂ ಹೇಳದೆ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಮಾಸ್ತರರು ಕಚೇರಿಗೆ ಬಂದು ನನ್ನೆದುರು ಕೂತಾಗ ನನ್ನ ಅನುಮಾನ ಸಡಿಲವಾಯಿತು. ಅವರ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ.

"ಸುಳ್ಳು ಹೇಳ್ದೆ ಅಂತ ನೀನೂ ತಿಳ್ಕೊಂಡಿದೀಯ ಅಲ್ವಾ, ಪ್ರಿಸ್ಕಾ?"

"ನಾನೇನು ತಿಳ್ಕೊಂಡ್ರೆ ಏನು ಬಂತು ಮಾಯೆಸ್ತ್ರೊ. ಪುಸ್ತಕ ಏನು ಹೇಳತ್ತೋ ಅದು."

"ಅಪ್ಪ ಸಾಯೋ ಹಿಂದಿನ ದಿನ ನನ್ನ ಕರೆದು ಹೇಳಿದ್ರು, 'ಹಿಲಾರಿಯೊ ನನ್ನ ಒಡಹುಟ್ಟಿದ ಅಣ್ಣ ಕಣೋ' ಅಂತ. ನಾನು ಯಾರಿಗೂ ಹೇಳಲಿಲ್ಲ. ಮೂವತ್ತೇಳು ವರ್ಷ ಆಯ್ತು. ಅವನು ನಮ್ಮ ಜಗಲಿ ಮುಂದೆ ಮೀನಿನ ಬುಟ್ಟಿ ಹೊತ್ಕೊಂಡು ಹೋಗ್ತಿದ್ದ. ನಾನು ಒಳಗೆ ಹೋಗಿಬಿಡ್ತಿದ್ದೆ."

ಅದರಲ್ಲಿ ದೇವರ ಭಯವೆಷ್ಟು, ಅಳಿಯನಾಗಲಿರುವವನ ಕೈಮಸಿಯ ಅಸಹ್ಯವೆಷ್ಟು ಎಂದು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಪಾದ್ರಿ ಯುಸೆಬಿಯೊ ನನಗೆ ಎರಡು ವಾರ ಕೊಟ್ಟರು. ಬೇಕಾದರೆ ಬಿಷಪ್ಪರಿಂದ ವಿಶೇಷ ಅನುಮತಿ ತರಿಸಬಹುದೆಂದೂ ಹೇಳಿದರು. ಅದಕ್ಕೆ ಒಪ್ಪದವಳು ಫ್ಲೋರ್.

ಅವಳು ಕೆಲಸ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು. "ಮಾನಾಂಗ್," ಎಂದಳು, ಅಕ್ಕಂದಿರನ್ನು ನಾವು ಹಾಗೇ ಕರೆಯುವುದು. "ಅನುಮತಿ ಗಿನುಮತಿ ನಂಗೆ ಬೇಡ. ಅಣ್ಣ ತಂಗಿ ಸಾಲಲ್ಲಿ ಮದ್ವೆಯಾದವರ ಹೆರಿಗೆ ನಾನು ಮಾಡಿಸಿದೀನಿ. ಮಗು ನೋಡಿ ಆ ತಾಯಿ 'ಇದ್ಯಾಕೆ ಹೀಗೆ' ಅಂತ ಕೇಳಿದ್ದು ಇನ್ನೂ ಕಿವೀಲಿದೆ. ರಕ್ತ ಒಂದೇ ಅಂತ ಪುಸ್ತಕದಲ್ಲಿದ್ರೆ ನಾನು ಅವನ್ನ ಬಿಡ್ತೀನಿ."

"ಬಿಟ್ಟು?"

"ಬಿಟ್ಟು ಏನಿಲ್ಲ. ಬೇರೆಯವರ ಹೆರಿಗೆ ಮಾಡಿಸ್ಕೊಂಡಿರ್ತೀನಿ." ಅಳಲಿಲ್ಲ. ಮೇಜಿನ ಮೇಲಿದ್ದ ಮಸಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ನನಗೆ ಹುಡುಗಿಯ ಮೇಲೆ ಪ್ರೀತಿ ಬಂತು. ಅಷ್ಟು ಹೊತ್ತಿಗೆ ಅದು ಇಬ್ಬರ ಬಾಳಿನ ಪ್ರಶ್ನೆ ಎಂಬುದು ನನಗೂ ಸರಿಯಾಗಿ ನಾಟಿತ್ತು.

ಹಿಲಾರಿಯೊ ಸುಲಭವಾಗಿ ಸಿಕ್ಕ. ೧೮೬೮ರ ಜನವರಿ ಹದಿನಾಲ್ಕು, ಗುವಾರಿಲಾವ್ ಎಂದು ಬರೆದಿತ್ತು. ತಂದೆ ಮಕಾರಿಯೊ, ಮೀನುಗಾರ. ತಾಯಿ ತೊಮಾಸಾ, ಪಾದ್ರಿಮನೆಯ ಬಟ್ಟೆ ಒಗೆಯುವವಳು. ಕ್ರಿಸ್ಪುಲೊ ಸಿಗಲಿಲ್ಲ. ಅವನ ಹುಟ್ಟುಹಬ್ಬವನ್ನು ಊರಹಬ್ಬದ ದಿನವೇ, ಡಿಸೆಂಬರ್ ಎಂಟರಂದು, ಮಹಡಿ ಮನೆಯಲ್ಲಿ ಹಂದಿ ಸುಟ್ಟು ಮಾಡುತ್ತಿದ್ದುದು ಊರಿಗೆಲ್ಲ ಗೊತ್ತು. ಗೋರಿಯ ಕಲ್ಲಿನ ಮೇಲೆ ಅರವತ್ತೆರಡು ವರ್ಷ ಎಂದಿತ್ತು. ಕಲ್ಲಿನ ಮೇಲಿನ ವಯಸ್ಸನ್ನು ನಂಬಬಾರದೆಂದು ನನಗೆ ಗೊತ್ತಿದ್ದರಿಂದ ಹಿಂದುಮುಂದಿನ ಎಂಟು ಡಿಸೆಂಬರ್‌ಗಳನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಗೆದ್ದಲು ತಿಂದ ಕಡೆ ಹಾಳೆಯನ್ನು ಬೆಳಕಿಗೆ ಹಿಡಿದೆ. ಏಳೂ ಬಗೆಯ ಗರಿಲಾವ್‌ಗಳು ಬಂದರು, ಕ್ರಿಸ್ಪುಲೊ ಬರಲಿಲ್ಲ.

ಹತ್ತು ದಿನ ಹೀಗೇ ಹೋದವು. ಮಾಸ್ತರರು ದಿನಾ ಬಂದು ಬಾಗಿಲಲ್ಲಿ ನಿಂತು, ನಾನು ತಲೆಯಲ್ಲಾಡಿಸಿದ್ದನ್ನು ನೋಡಿ ಹೋಗುತ್ತಿದ್ದರು. ಹನ್ನೊಂದನೆಯ ದಿನ ಬೆಟ್ಟದ ಕಡೆಯ ಒಬ್ಬ ಬಾಣಂತಿ ಕೂಸನ್ನೆತ್ತಿಕೊಂಡು ಬಂದಳು.

"ಮಾನಾಂಗ್, ಇದು ಹುಟ್ಟಿದ್ದು ಮೊನ್ನೆ ಬುಧವಾರ. ಆವತ್ತಿನ ಸಂತರು ಯಾರು ಅಂತ ನೋಡಿ ಹೇಳ್ತೀರಾ? ಹೆಸರಿಡಬೇಕು."

ನಾನು ಸಂತರ ಪಂಚಾಂಗ ತೆಗೆದು ಅವಳಿಗೆ ಹೆಸರು ಹೇಳಿದೆ. ಅವಳು ಹೋದ ಮೇಲೆ ಪಂಚಾಂಗ ಮುಚ್ಚಲಿಲ್ಲ. ನನ್ನ ಹಣೆ ನಾನೇ ಚಚ್ಚಿಕೊಳ್ಳುವುದೊಂದು ಬಾಕಿ. ಹಳೆಯ ಕಾಲದಲ್ಲಿ ನಮ್ಮವರ್ಯಾರೂ ಮಕ್ಕಳಿಗೆ ಹೆಸರು ಆರಿಸುತ್ತಿರಲಿಲ್ಲ, ದಿನ ಕೊಟ್ಟ ಹೆಸರು ಇಡುತ್ತಿದ್ದರು. ನಾನು ಪ್ರಿಸ್ಕಾ ಆಗಿದ್ದು ಜನವರಿ ಹದಿನೆಂಟರಂದು ಹುಟ್ಟಿದ್ದಕ್ಕೆ. ಡಿಸೆಂಬರ್ ಎಂಟರ ಆಸುಪಾಸಿನ ಗಂಡುಕೂಸಾಗಿದ್ದರೆ ಅವನು ಅಂಬ್ರೋಸಿಯೊ ಆಗಬೇಕಿತ್ತು. ಕ್ರಿಸ್ಪುಲೊ ಸಂತರ ದಿನ ಜೂನ್ ಹತ್ತು. ಮನೆತನದ ಹೆಸರನ್ನು ಏಳು ಬಗೆಯಲ್ಲಿ ಹುಡುಕಿದ ನಾನು, ಆ ಮನೆಯವರು ಹೇಳಿದ ತಿಂಗಳನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ. ಹಬ್ಬದೂಟ ಉಂಡ ಬಾಯಿಗೆ ಅನುಮಾನ ಬರುವುದಿಲ್ಲ.

೧೮೬೮ರ ಜೂನ್ ಹನ್ನೊಂದರ ಕೆಳಗೆ ಅವನು ಸಿಕ್ಕ. ನಾಲ್ಕು ಸಾಲು. ಹಿಂದಿನ ದಿನ ನಸುಕಿನಲ್ಲಿ ಪಾದ್ರಿಮನೆಯ ಬಾಗಿಲಲ್ಲಿ ಬಿಟ್ಟುಹೋಗಿದ್ದ ಗಂಡುಕೂಸು, ತಂದೆತಾಯಿ ಗೊತ್ತಿಲ್ಲ, ದಿನದ ಸಂತರ ಹೆಸರು ಕ್ರಿಸ್ಪುಲೊ ಎಂದು ಇಡಲಾಗಿದೆ, ಜ್ಞಾನಸ್ನಾನದಲ್ಲಿ ಕೂಸಿನ ಹೊಣೆ ಹೊತ್ತ ಜ್ಞಾನತಂದೆ ಮಕಾರಿಯೊ ಗರಿಲಾವ್, ಈ ಮನೆಯ ಬಟ್ಟೆ ಒಗೆಯುವ ತೊಮಾಸಾಳ ಗಂಡ. ದಿಕ್ಕಿಲ್ಲದ ಕೂಸಿಗೆ ಜ್ಞಾನತಂದೆಯ ಮನೆತನದ ಹೆಸರು ಹೋಗುವುದು ಆಗಿನ ರೂಢಿ.

ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟೆ. ಹಿಲಾರಿಯೊ ಜನವರಿ, ಕ್ರಿಸ್ಪುಲೊ ಜೂನ್. ಐದು ತಿಂಗಳ ಅಂತರದಲ್ಲಿ ಯಾವ ತಾಯಿಯೂ ಎರಡು ಹೆರುವುದಿಲ್ಲ. ಆದರೆ ಐದು ತಿಂಗಳ ಬಾಣಂತಿಯ ಎದೆಯಲ್ಲಿ ಇನ್ನೊಂದು ಕೂಸಿಗೂ ಹಾಲಿರುತ್ತದೆ. ಪಾದ್ರಿ ಆ ಕೂಸನ್ನು ಬಟ್ಟೆ ಒಗೆಯುವವಳ ಕೈಗೇ ಯಾಕೆ ಕೊಟ್ಟ ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಸಂಜೆ ಮಾಸ್ತರರು ಬಂದಾಗ ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಅವರಿಗೆ ಸ್ಪೇನಿಷ್ ಬರುತ್ತಿತ್ತು. ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಹಾಗಾದ್ರೆ ನನ್ನಪ್ಪ ಯಾರ ಮಗ?"

"ಗೊತ್ತಿಲ್ಲ ಅಂತ ಬರೆದಿದೆ ಮಾಯೆಸ್ತ್ರೊ."

"ಅಂದ್ರೆ ದಂಡೆಯವರಿಗೂ ನಮಗೂ ಏನೂ ಇಲ್ಲ."

"ರಕ್ತ ಇಲ್ಲ. ಮದುವೆಗೆ ಅಡ್ಡಿ ಇಲ್ಲ."

ಮಗಳ ಮದುವೆಗೆ ಅಡ್ಡಿಯಿಲ್ಲವೆಂದು ಕೇಳಿ ಅವರ ಬಿಗಿದ ಭುಜ ಕೊಂಚ ಸಡಿಲವಾಯಿತು, ಕಣ್ಣು ಮಾತ್ರ ಆ ನಾಲ್ಕು ಸಾಲುಗಳನ್ನು ಬಿಡಲಿಲ್ಲ. ನನಗೆ ಅವರ ಮೇಲೆ ಅಂಥ ಮಮತೆಯೇನೂ ಇರಲಿಲ್ಲ; ಆದರೂ ಒಂದು ದಾರಿ ತೋರಿಸಿದೆ. "ಇಗರ್ಜಿಯಲ್ಲಿ ಎದ್ದು ಹೇಳಿದ ಅಡ್ಡಿಯನ್ನ ಇಗರ್ಜಿಯಲ್ಲೇ ಎದ್ದು ಹಿಂದೆ ತಗೋಬೇಕು. ರಕ್ತಸಂಬಂಧ ಇಲ್ಲ ಅಂತ ಗೊತ್ತಾಯ್ತು ಅಂದ್ರೆ ಸಾಕು. ಇದನ್ನ ಓದಿರೋದು ನೀವು, ನಾನು. ಇನ್ನು ಪಾದ್ರಿಗಳಿಗೆ ತೋರಿಸ್ತೀನಿ. ಬೀಗ ನನ್ನ ಹತ್ರ ಇದೆ."

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ದಂಡೆಯ ಆ ಮುದುಕಿಗೆ ಗೊತ್ತಿತ್ತಾ?" ಎಂದರು. "ನೀನೂ ಬಾ, ಪ್ರಿಸ್ಕಾ. ಒಬ್ಬನೇ ಹೋಗಲಾರೆ."

ಗಂಡಿನ ಕಡೆಯವರು ಹೆಣ್ಣಿನ ಮನೆಯ ಮೆಟ್ಟಿಲು ಹತ್ತಿ ಕೇಳಿಕೊಳ್ಳುವುದು ನಮ್ಮ ಪದ್ಧತಿ. ಅಂದು ಹೆಣ್ಣಿನ ಅಪ್ಪ ದಂಡೆಯ ಬಿದಿರು ಮನೆಯ ಏಣಿ ಹತ್ತಿದರು. ಲೋಲಾ ಪಾಸ್ತೋರಾ ಒರಳಿನಲ್ಲಿ ಸಿಗಡಿ ಕುಟ್ಟುತ್ತಿದ್ದಳು. ಅವರನ್ನು ನೋಡಿ ಒನಕೆ ನಿಲ್ಲಿಸಿ, ಕೂರಲು ಮಣೆ ದೂಡಿದಳು. ಮಾಸ್ತರರು ಕೂರಲಿಲ್ಲ.

"ನಮ್ಮಪ್ಪ ಹೊಸ್ತಿಲಲ್ಲಿ ಸಿಕ್ಕಿದ ಕೂಸು ಅಂತ ನಿಮಗೆ ಗೊತ್ತಿತ್ತಾ?"

ಮುದುಕಿ ನನ್ನ ಕಡೆ ನೋಡಿದಳು. "ಪುಸ್ತಕದಲ್ಲಿತ್ತಾ?"

"ಇತ್ತು ಲೋಲಾ."

"ಹ್ಞೂಂ. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ತೊಮಾಸಾ ಹೇಳಿದ್ರು. ಎರಡೂ ಮಕ್ಕಳಿಗೆ ಅವರೇ ಹಾಲು ಕೊಟ್ಟಿದ್ದು, ಆ ಕಡೆಯಿಂದೊಂದು ಈ ಕಡೆಯಿಂದೊಂದು. ದೊಡ್ಡದು ಹೊಟ್ಟೇದು, ಚಿಕ್ಕದು ಎದೇದು ಅನ್ನೋರು. ಯಾರ ಮುಂದೂ ಬಾಯಿ ಬಿಡಬೇಡ, ಅವನಿಗೂ ಗೊತ್ತಿಲ್ಲ, ಹುಟ್ಟಿದ್ದು ಡಿಸೆಂಬರಲ್ಲಿ ಅಂತಲೇ ಹೇಳಿದೀನಿ ಅಂದ್ರು. ಸಿಕ್ಕಿದವನು ಅಂತ ಒಬ್ಬರ ಮುಖದ ಮೇಲೆ ಹೇಳೋದುಂಟೇ?"

"ಸರಿ, ಅವಾಗ ಹೇಳಬೇಡಿ. ಈಗ? ನಾನು ಎದ್ದು ನಿಂತು ಅಷ್ಟು ಹೇಳಿದೆ. ನಿಮ್ಮ ಮೊಮ್ಮಗನ ಮದುವೆ ನಿಂತುಹೋಗ್ತಿತ್ತು. ನನ್ನ ಮಗಳು ಅನ್ನ ಬಿಟ್ಟಿದಾಳೆ. ನೀವು ಒಂದು ಮಾತು ಆಡಿದ್ರೆ ಮುಗೀತಿತ್ತಲ್ಲ."

ಲೋಲಾ ಪಾಸ್ತೋರಾ ಉಪ್ಪು ಮೆತ್ತಿದ ಕೈಯನ್ನು ಲುಂಗಿಯಂತೆ ಸುತ್ತಿದ ತನ್ನ ಪತಾಡ್ಯೊಂಗ್‌ಗೆ ಒರೆಸಿಕೊಂಡಳು.

"ಪಾದ್ರಿಗಳ ಹತ್ರ ಹೋಗಿ ಹೇಳೋಣ ಅಂತ ದಿನಾ ಬೆಳಿಗ್ಗೆ ಎದ್ದಾಗ ಅನ್ಕೋತಿದ್ದೆ. ನಾಳೆ ಹೋದ್ರಾಯ್ತು ಅಂತ ಬಿಡ್ತಿದ್ದೆ. ಹಿಲಾರಿಯೊ ನಿಮ್ಮ ಜಗಲಿ ಮುಂದೆ ಐವತ್ತು ವರ್ಷ ಬುಟ್ಟಿ ಹೊತ್ತ. 'ತಮ್ಮ ಇವತ್ತು ನೋಡಿದ, ಮಾತಾಡ್ಲಿಲ್ಲ' ಅಂತ ಮನೆಗೆ ಬಂದು ಹೇಳ್ತಿದ್ದ. ಸಾಯೋವರೆಗೂ ಕಾದ. ಅವನಿಗೆ ಸಿಗದೇ ಇದ್ದಿದ್ದನ್ನ ಆವತ್ತು ನೀವು ಊರ ಮುಂದೆ ಎದ್ದು ಕೊಟ್ರಿ. ಒಂದೇ ತಾಯಿ ಮಕ್ಕಳು ಅಂದ್ರಿ. ಸುಳ್ಳು ಅಂತ ನಂಗೊತ್ತು. ಆದ್ರೂ ಅದು ಕಿವಿಗೆ ಬಿದ್ದು ಇನ್ನೂ ಎರಡು ವಾರ ಆಗಿಲ್ಲ, ಅಷ್ಟು ಬೇಗ ಹ್ಯಾಗೆ ವಾಪಸ್ ಕೊಡ್ಲಿ ಮಾಯೆಸ್ತ್ರೊ?"

ಮಾಸ್ತರರು ಏಣಿಯ ಕಡೆ ತಿರುಗಿದರು. ಇಳಿಯುವಾಗ ನಾನು ಅವರ ಮೊಣಕೈ ಹಿಡಿದುಕೊಂಡೆ. ಆ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು ನನಗೆ. ಇಬ್ಬರು ಎಳೆಯರ ಮದುವೆಯನ್ನು ಒತ್ತೆಯಿಟ್ಟು ತನ್ನ ಸತ್ತ ಗಂಡನಿಗೆ ಎರಡು ವಾರದ ತಮ್ಮನನ್ನು ಸಂಪಾದಿಸಿಕೊಟ್ಟಿದ್ದಳು. ಸಿಟ್ಟು ಬರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದಾದರೂ ಮಾನ ಹೋಗುವುದಿದೆ ಎಂದರೆ ನಮ್ಮೂರಿನವರಿಗೆ ಭಕ್ತಿ ಹೆಚ್ಚು. ಪಾದ್ರಿ ಕರೆದಾಗ ಮಾಸ್ತರರು ಎದ್ದರು. ಫ್ಲೋರ್ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದಳು. ವಿಷಯವನ್ನು ಹಿಂದಿನ ದಿನವೇ ನಾನು ಅವಳಿಗೆ ಹೇಳಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಮೊದಲು ಕೇಳಿದ್ದು, "ಅಪ್ಪ ಊಟ ಮಾಡಿದ್ರಾ?" ಎಂದು.

"ನಾನು ಹೇಳಿದ ಅಡ್ಡಿ ಸರಿಯಲ್ಲ. ಎರಡು ಮನೆಗೂ ರಕ್ತಸಂಬಂಧ ಇಲ್ಲ ಅಂತ ಪುಸ್ತಕದಿಂದ ಗೊತ್ತಾಗಿದೆ. ಹಿಂದೆ ತಗೋತೀನಿ," ಎಂದರು ಮಾಸ್ತರರು.

ಅಷ್ಟು ಸಾಕಾಗಿತ್ತು. ಮೊದಲಿನಿಂದಲೂ ಅವರು ಹೇಳುತ್ತಿದ್ದುದೇ ನಿಜವಾಯಿತಲ್ಲ ಎಂದು ಜನ ತಲೆದೂಗಿದರು. ಮಹಡಿ ಮನೆ ಮಹಡಿ ಮನೆಯಾಗಿಯೇ ಉಳಿಯಿತು. ಪಾದ್ರಿ ಮುಂದಿನ ಹಾಳೆ ಎತ್ತಿಕೊಂಡರು. ಹಿಂದಿನ ಬೆಂಚಿನಲ್ಲಿ ಲೋಲಾ ಪಾಸ್ತೋರಾ ಮುಸುಕನ್ನು ಹಣೆಯವರೆಗೆ ಎಳೆದುಕೊಂಡಳು. ಮಾಸ್ತರರು ಮಾತ್ರ ಕೂರಲಿಲ್ಲ. ಹಿಂದಕ್ಕೆ ತಿರುಗಿ ನಿಂತರು.

"ಇನ್ನೂ ಇದೆ," ಎಂದರು. "ನನ್ನಪ್ಪನ್ನ ಯಾರೋ ಈ ಬಾಗಿಲಲ್ಲಿ ಬಿಟ್ಟು ಹೋಗಿದ್ರು. ಬಟ್ಟೆ ಒಗೆಯೋ ತೊಮಾಸಾ ಎತ್ಕೊಂಡು ಹೋಗಿ ತನ್ನ ಮಗನ ಹಾಲಲ್ಲಿ ಪಾಲು ಕೊಟ್ಟು ಸಾಕಿದ್ರು. ಅವರ ಗಂಡ ಹೆಸರು ಕೊಟ್ಟರು. ನಮ್ಮನೇಲಿ ಆ ಹೆಸರನ್ನ ತಿದ್ದಿ ಬರ್ಕೊಂಡ್ವಿ. ನಂದು ಇಷ್ಟೇ."

ಅವರು ಬೆಂಚಿನಿಂದ ಹೊರಬಂದು, ಬಾಗಿಲ ಕಡೆಗೆ ನಡೆದರು. ಹೊರಗೆ ಹೋಗಿಬಿಡಬೇಕೆಂದೇ ಅವರ ಮನಸ್ಸಿನಲ್ಲಿತ್ತೆಂದು ಆಮೇಲೆ ನನಗೆ ಹೇಳಿದರು. ಕೊನೆಯ ಸಾಲಿಗೆ ಬಂದಾಗ ಲೋಲಾ ಪಾಸ್ತೋರಾ ಅವರ ತೋಳು ಹಿಡಿದಳು.

"ಪೂಜೆ ಮುಗಿದಿಲ್ಲ, ಎಲ್ಲಿಗೆ ಹೊರಟೆ? ಪಿಡ್ಯೋ, ಆ ಕಡೆ ಸರ್ಕೋ. ನಿನ್ನ ಅಜ್ಜನ ತಮ್ಮನ ಮಗ ಕೂತ್ಕೊಳ್ಲಿ."

ಅವರು ಕೂತರು.

ಪೂಜೆಯಾದ ಮೇಲೆ ನನ್ನ ಕಚೇರಿಯಲ್ಲಿ ನಮೂನೆ ತುಂಬಬೇಕಿತ್ತು. ಮೇಜಿನ ಒಂದು ಕಡೆ ಫ್ಲೋರ್ ಮತ್ತು ಪಿಡ್ಯೋ, ಇನ್ನೊಂದು ಕಡೆ ಇಬ್ಬರು ಹಿರಿಯರು. ಹೆಸರು, ತಾರೀಖು, ಸಾಕ್ಷಿ ಎಲ್ಲ ಬರೆದು, 'ಎರಡು ಮನೆತನಗಳ ನಡುವಿನ ಸಂಬಂಧ' ಎಂಬ ಸಾಲಿಗೆ ಬಂದೆ. ಪಾದ್ರಿ ಯುಸೆಬಿಯೊ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು.

"ಏನು ಬರೀಲಿ?" ಎಂದೆ.

"ಪುಸ್ತಕದಲ್ಲಿ ಇರೋದನ್ನ ಬರಿ," ಎಂದರು ಮಾಸ್ತರರು, ಮೆಲ್ಲಗೆ.

"ಪುಸ್ತಕಕ್ಕೆ ಹಾಲಿನ ವಿಷಯ ಏನು ಗೊತ್ತು?" ಎಂದಳು ಲೋಲಾ ಪಾಸ್ತೋರಾ.

"ಸಭೆಯ ನಿಯಮದಲ್ಲಿ ಹಾಲಿನ ಲೆಕ್ಕ ಇಲ್ಲ ಲೋಲಾ," ಎಂದರು ಪಾದ್ರಿ. "ಹಾಲಿನ ಸಂಬಂಧ ಅಂತ ಬರೆದು ಕಳಿಸಿದ್ರೆ ಬಿಷಪ್ಪರ ಕಚೇರಿಯಿಂದ ಮತ್ತೆ ಪ್ರಶ್ನೆ ಬರತ್ತೆ, ಮದುವೆ ಇನ್ನೂ ಒಂದು ತಿಂಗಳು ತಡ ಆಗತ್ತೆ."

ಮುದುಕಿ ಫ್ಲೋರ್‌ಳ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಬರಿ ಎಂಬಂತೆ ಕೈಯಾಡಿಸಿದಳು. ನಾನು ಲೇಖನಿಯನ್ನು ಮಸಿಯಲ್ಲಿ ಅದ್ದಿ 'ಇಲ್ಲ' ಎಂದು ಬರೆದೆ. ಮೂವತ್ತು ವರ್ಷದಲ್ಲಿ ಆ ಕಪಾಟಿಗೆ ನಾನು ಗೊತ್ತಿದ್ದೂ ಸೇರಿಸಿದ ಸುಳ್ಳು ಅದೊಂದೇ.